ಕಾಯಿಕೊರಕ ಹುಳು ಕಲಿಸುವ ಪಾಠ

ಗದಗ ತಾಲ್ಲೂಕಿನ ಮಲ್ಲಸಮುದ್ರದ ಹುಡುಗನೊಬ್ಬ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಓದುವುದೇತಕ್ಕೆ? ಡಾಕ್ಟರಾಗುವವರಿಗೆ ಅದು ಬೇಕು, ಗಿರಣಿಯಲ್ಲಿ ದುಡಿಯುವವನ ಮಗನಿಗೆ, ಅಡತಿ ಅಂಗಡಿಯವನ ಮಗಳಿಗೆ ಅದರಿಂದ ಆಗಬೇಕಾದ್ದೇನು ಎಂದು ಕೇಳುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಈ ಪ್ರಶ್ನೆಗೆ ಹತ್ತಿಯ ಹುಳುವೇ ಉತ್ತರ ಕೊಟ್ಟಿದೆ.

2002ರಲ್ಲಿ ನಮ್ಮ ದೇಶದಲ್ಲಿ ಬಿ.ಟಿ. ಹತ್ತಿಗೆ ಪರವಾನಗಿ ದೊರೆಯಿತು. ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯ ಗುಣವನ್ನು ಗಿಡದೊಳಗೆ ಸೇರಿಸಿದ್ದರಿಂದ, ಕಾಯಿ ಕೊರೆದ ಹುಳು ತಾನೇ ಸಾಯುತ್ತಿತ್ತು. ಆದರೆ ಗುಜರಾತದಲ್ಲಿ ಗುಲಾಬಿ ಕಾಯಿಕೊರಕ ಈ ವಿಷಕ್ಕೆ ಬಗ್ಗುತ್ತಿಲ್ಲವೆಂದು 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. 2006ರಲ್ಲಿ ಬಂದಿದ್ದ ಎರಡು ವಿಷಗಳ ಹತ್ತಿಯನ್ನೂ ಈ ಹುಳು ಮುಂದೆ ಅರಗಿಸಿಕೊಂಡಿತು. ಹುಳು ಹೊಕ್ಕ ಕಾಯಿಯಲ್ಲಿ ಎಳೆ ಕಲೆಬೀಳುತ್ತದೆ, ಕಾಳು ಪೊಳ್ಳಾಗುತ್ತದೆ. ರೈತನಿಗೆ ಧಾರಣೆ ಇಲ್ಲ, ವ್ಯಾಪಾರಿಗೆ ಮಾಲಿಲ್ಲ, ಗಿರಣಿಯ ಕೂಲಿಕಾರನಿಗೆ ಕೆಲಸವಿಲ್ಲ.

ಹೀಗೇಕಾಯಿತು? ಕೋಟಿ ಹುಳುಗಳಲ್ಲಿ ಕೆಲವು ಹುಟ್ಟಿನಿಂದಲೇ ವಿಷವನ್ನು ತಾಳಬಲ್ಲವು. ಉಳಿದವು ಸತ್ತ ಮೇಲೆ ಹೊಲವೆಲ್ಲ ಆ ಕೆಲವುಗಳದೇ. ಅವು ಮರಿಮಾಡಿ ತಮ್ಮ ಗುಣವನ್ನೇ ಮುಂದಿನ ಪೀಳಿಗೆಗೆ ಕೊಡುತ್ತವೆ. 1859ರಲ್ಲಿ ಡಾರ್ವಿನ್ ಲೋಕದ ಮುಂದಿಟ್ಟ ಜೀವವಿಕಾಸದ ತತ್ವ ಇದೇ. ಕ್ಷಯರೋಗದ ಗುಳಿಗೆಯನ್ನು ಅರ್ಧಕ್ಕೆ ಬಿಟ್ಟವನ ಎದೆಯಲ್ಲಿ ಮದ್ದಿಗೆ ಬಗ್ಗದ ರೋಗಾಣು ಬೆಳೆಯುವುದೂ ಇದೇ ನಿಯಮದಂತೆ.

ಬೀಜದ ಜೊತೆಗೆ ಸಾದಾ ಹತ್ತಿಯ ಒಂದು ಸಣ್ಣ ಪೊಟ್ಟಣವನ್ನೂ ಕೊಡುತ್ತಿದ್ದರು: 450 ಗ್ರಾಂ ಬಿ.ಟಿ. ಬೀಜಕ್ಕೆ 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಅದನ್ನು ಬಿತ್ತಿದರೆ ಅಲ್ಲಿ ಸಾದಾ ಹುಳುಗಳೂ ಬದುಕುತ್ತವೆ. ವಿಷ ತಾಳುವ ಕೆಲವು ಹುಳುಗಳು ಪತಂಗವಾದಾಗ ಅವುಗಳೊಡನೆ ಕೂಡಿದರೆ, ಹುಟ್ಟುವ ಮರಿಗಳು ಬಹುಮಟ್ಟಿಗೆ ಮತ್ತೆ ವಿಷಕ್ಕೆ ಬಲಿಯಾಗುತ್ತವೆ. ಶತ್ರುವಿಗೆ ಹೊಲದ ಅಂಚು ಬಿಟ್ಟುಕೊಟ್ಟು ನಡುವಿನ ಬೆಳೆ ಉಳಿಸಿಕೊಳ್ಳುವ ಉಪಾಯವಿದು. ಬಹಳಷ್ಟು ರೈತರು ಆ ಪೊಟ್ಟಣವನ್ನು ಬಿಸಾಡಿದರು. ಅವರನ್ನು ಮೂಢರೆನ್ನುವುದು ಸುಲಭ. ತುಂಡು ಹೊಲದವನು ಹುಳುವಿಗೆಂದು ಸಾಲು ಬಿಡಬೇಕಾದರೆ ಅದರ ಕಾರಣ ಅವನಿಗೆ ತಿಳಿದಿರಬೇಕು. ಬೀಜ ಮಾರಲು ತೋರಿದ ಉತ್ಸಾಹದಲ್ಲಿ ಕಾಲುಪಾಲನ್ನೂ ಅದನ್ನು ತಿಳಿಸಿ ಹೇಳಲು ಯಾರೂ ತೋರಲಿಲ್ಲ.

ಇಂಥ ಕಾಲದಲ್ಲಿ, 2023ರಲ್ಲಿ, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಹತ್ತನೇ ಇಯತ್ತೆಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನೇ ತೆಗೆದುಹಾಕಿತು. ಮಕ್ಕಳ ಹೊರೆ ಇಳಿಸುವುದಕ್ಕಾಗಿ ಎಂಬುದು ಕೊಟ್ಟ ಕಾರಣ. ಮುಂದೆ ಕಾಲೇಜಿನಲ್ಲಿ ಜೀವಶಾಸ್ತ್ರ ಆರಿಸಿಕೊಂಡವರು ಹೇಗೂ ಕಲಿಯುತ್ತಾರಂತೆ! ಹತ್ತನೆಯದಕ್ಕೇ ಸಾಲಿ ಬಿಟ್ಟು ಹೊಲಕ್ಕೆ, ಅಂಗಡಿಗೆ, ಗಿರಣಿಗೆ ಹೋಗುವವರ ಗತಿಯೇನು? ಹುಳು ಎದುರಾಗುವುದು ಮೊದಲು ಅವರಿಗೇ ಅಲ್ಲವೇ?

ಆದ್ದರಿಂದ ತಂದೆತಾಯಿಗಳು ಸಾಲಿಗೆ ಹೋಗಿ ಕೇಳಬೇಕು: ನಮ್ಮ ಮಕ್ಕಳಿಗೆ ಈ ಪಾಠವನ್ನು ಕಲಿಸುತ್ತೀರಾ? ಪ್ರಯೋಗಶಾಲೆ ಇಲ್ಲವೆಂಬ ನೆಪ ಬೇಡ. ಕೊಳೆತ ಹತ್ತಿಕಾಯಿ ಒಂದನ್ನು ಮೇಜಿನ ಮೇಲೆ ಒಡೆದು ತೋರಿಸಿದರೆ ಪಾಠ ಆರಂಭವಾಗುತ್ತದೆ. ಅದಕ್ಕೆ ಸರಕಾರದ ಮಂಜೂರಾತಿ ಬೇಕಾಗಿಲ್ಲ.