ಆ ಆದೇಶ ನಿಮ್ಮ ಗೋಡೆಯ ಮೇಲೆ ಇದೆಯೇ?

ಹಾಲು ಉತ್ಪಾದಕರ ಸಂಘದ ನಿರ್ದೇಶಕರೇ, ಶಾಲಾ ಆಡಳಿತ ಮಂಡಳಿಯ ಸದಸ್ಯರೇ, ನರ್ಸಿಂಗ್ ಹೋಮ್ ನಡೆಸುವ ವೈದ್ಯರೇ, ಕಲ್ಯಾಣ ಮಂಟಪದ ಟ್ರಸ್ಟಿಗಳೇ, ಬಟ್ಟೆ ಅಂಗಡಿ, ಹೋಟೆಲು, ಪ್ರಿಂಟಿಂಗ್ ಪ್ರೆಸ್ಸು ಇಟ್ಟುಕೊಂಡವರೇ, ಈ ಮನವಿ ನಿಮಗೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಯಿತೆಂಬ ಸುದ್ದಿ ಓದಿದಾಗ ನಾವೆಲ್ಲ ಕಿರುಕುಳ ಕೊಟ್ಟವನನ್ನು ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ಆ ಜಾಗ ಯಾರದು? ಅವನ ಕೈಗೆ ಅಧಿಕಾರ ಕೊಟ್ಟವರು ಯಾರು? ಅವಳು ಹೇಳಿಕೊಳ್ಳಲು ಹೋದಾಗ ಕೇಳಿಸಿಕೊಳ್ಳಲು ಅಲ್ಲಿ ಯಾರಿದ್ದರು? ಇಷ್ಟು ಕೇಳುವಷ್ಟರಲ್ಲಿ ಸುದ್ದಿ ಹಳತಾಗಿರುತ್ತದೆ, ಮಾಲೀಕರು ತಪ್ಪಿಸಿಕೊಂಡಿರುತ್ತಾರೆ.

‘ನಾನೆಲ್ಲಿಯ ಮಾಲೀಕ, ಸಂಘದ ಸದಸ್ಯ ಅಷ್ಟೇ’ ಎಂದು ನೀವು ಹೇಳಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಆ ಮಾತನ್ನು ಒಪ್ಪುವುದಿಲ್ಲ. ಸಂಸ್ಥೆಯ ಆಡಳಿತ, ಮೇಲ್ವಿಚಾರಣೆ, ನಿಯಂತ್ರಣದ ಹೊಣೆ ಹೊತ್ತವರೆಲ್ಲ ಅದರ ಕಣ್ಣಿಗೆ ಮಾಲೀಕರೇ. ನೀತಿ ನಿಯಮ ರೂಪಿಸುವ ಮಂಡಳಿ ಮತ್ತು ಸಮಿತಿಗಳೂ ಅದರೊಳಗೆ ಬರುತ್ತವೆ. ಮನೆಗೆಲಸಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೊಂಡ ಕುಟುಂಬವೂ ಮಾಲೀಕನೇ. ಆ ಕಡೆ ನೌಕರಳೆಂದರೆ ಕಾಯಂ ಆದವಳು ಮಾತ್ರವಲ್ಲ. ದಿನಗೂಲಿಯವಳು, ಗುತ್ತಿಗೆದಾರ ಕಳಿಸಿದವಳು, ತರಬೇತಿಗೆ ಬಂದ ಹುಡುಗಿ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕಿ, ಎಲ್ಲರೂ ಸೇರುತ್ತಾರೆ. ದೂರು ಕೊಡಲು ಅಲ್ಲಿ ನೌಕರಿಯಲ್ಲೇ ಇರಬೇಕೆಂದೂ ಇಲ್ಲ. ಆಸ್ಪತ್ರೆಗೆ ಬಂದ ರೋಗಿ, ಕಾಲೇಜಿನ ವಿದ್ಯಾರ್ಥಿನಿ ಕೂಡ ಕೊಡಬಹುದು.

ಈ ಕಾನೂನು ಹುಟ್ಟಿದ್ದೇ ಮಾಲೀಕನ ಹೊಣೆಯ ಪ್ರಶ್ನೆಯಿಂದ. ರಾಜಸ್ಥಾನದ ಭಟೇರಿಯಲ್ಲಿ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ ಆಗಿದ್ದರು. ಬಾಲ್ಯವಿವಾಹ ತಡೆಯುವುದು ಅವರಿಗೆ ವಹಿಸಿದ್ದ ಕೆಲಸ. ಆ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸಕ್ಕೆ ಕಳಿಸಿದ ಸರ್ಕಾರ ಅವರ ರಕ್ಷಣೆಗೆ ಏನನ್ನೂ ಮಾಡಿರಲಿಲ್ಲ. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1997ರ ಆಗಸ್ಟ್ 13ರಂದು ವಿಶಾಖಾ ತೀರ್ಪು ಬಂತು. ಕಿರುಕುಳ ತಡೆಯುವುದು ಮಾಲೀಕನ ಕರ್ತವ್ಯ, ಪ್ರತಿ ಸಂಸ್ಥೆಯಲ್ಲೂ ದೂರು ಸಮಿತಿ ಇರಬೇಕು ಎಂದು ಕೋರ್ಟ್ ಹೇಳಿತು. ಅದನ್ನು ಕಾಯ್ದೆ ಮಾಡಲು ಸಂಸತ್ತು ಹದಿನಾರು ವರ್ಷ ತೆಗೆದುಕೊಂಡಿತು.

ಹತ್ತು ಮಂದಿ ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿಯೊಂದು ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಲಿಖಿತ ಆದೇಶದ ಮೂಲಕವೇ ಅದು ರಚನೆಯಾಗಬೇಕು. ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆ, ನೌಕರರಲ್ಲಿ ಕನಿಷ್ಠ ಇಬ್ಬರು, ಹೊರಗಿನ ಮಹಿಳಾ ಸಂಘಟನೆಯಿಂದಲೋ ಈ ವಿಷಯ ಬಲ್ಲವರಿಂದಲೋ ಒಬ್ಬರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ಆ ಹೊರಗಿನ ಸದಸ್ಯೆಯೇ ಸಮಿತಿಯ ಜೀವ. ಅವರಿಗೆ ನಿಮ್ಮ ಸಂಬಳದ ಹಂಗಿಲ್ಲ, ಬಡ್ತಿಯ ಭಯವಿಲ್ಲ. ಸಮಿತಿ ಎಂದು ಹೇಳಿ ಮಾಲೀಕರ ಹೆಂಡತಿ, ಅಕೌಂಟೆಂಟ್, ಮ್ಯಾನೇಜರನ್ನು ಕೂರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಖರ್ಚಿನ ಮಾತೆತ್ತುವವರು ಗಮನಿಸಿ: ವಿಚಾರಣೆಯ ದಿನ ಹೊರಗಿನ ಸದಸ್ಯರಿಗೆ ನಿಯಮ ಗೊತ್ತುಪಡಿಸಿದ ಭತ್ಯೆ 200 ರೂಪಾಯಿ ಮತ್ತು ಪ್ರಯಾಣದ ಖರ್ಚು.

ಘಟನೆ ನಡೆದ ಮೂರು ತಿಂಗಳೊಳಗೆ ಕಿರುಕುಳಕ್ಕೆ ಒಳಗಾದವಳು ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದಿದ್ದರೆ ಬರೆಸಿಕೊಳ್ಳಲು ನೆರವಾಗುವುದು ಸಮಿತಿಯ ಕೆಲಸ. ಈಗ ಯೋಚಿಸಿ, ಸಮಿತಿಯೇ ಇಲ್ಲದ ಕಡೆ ಆ ಮೂರು ತಿಂಗಳು ಹೇಗೆ ಕಳೆಯುತ್ತದೆ? ಮೊದಲ ವಾರ ಅವಳು ಯಾರಿಗೂ ಹೇಳುವುದಿಲ್ಲ. ಆಮೇಲೆ ಜೊತೆಯವಳಿಗೆ ಹೇಳುತ್ತಾಳೆ, ಅವಳು ಮ್ಯಾನೇಜರಿಗೆ ಹೇಳುತ್ತಾಳೆ. ಮ್ಯಾನೇಜರು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ, ದೊಡ್ಡದು ಮಾಡಬೇಡ’ ಎನ್ನುತ್ತಾರೆ. ಕೊನೆಗೆ ವರ್ಗಾವಣೆ ಆಗುವುದು ಅವಳಿಗೆ. ವರ್ಗಾವಣೆ ಎಂಬುದು ಅವಳು ಕೇಳಿಕೊಂಡರೆ ಸಿಗಬೇಕಾದ ಪರಿಹಾರ. ತನ್ನನ್ನಾಗಲಿ ಅವನನ್ನಾಗಲಿ ಬೇರೆ ಕಡೆ ಹಾಕಿ ಎಂದು ಅವಳು ಕೇಳಬಹುದು, ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆಯನ್ನೂ ಕೇಳಬಹುದು. ವರ್ಗಾವಣೆಯನ್ನು ಶಿಕ್ಷೆಯಂತೆ ಅವಳ ಮೇಲೆ ಹೇರುವ ಅಧಿಕಾರ ನಿಮಗಿಲ್ಲ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ಶಿಫಾರಸು ಕೈಸೇರಿದ 60 ದಿನದೊಳಗೆ ನೀವು ಕ್ರಮ ಕೈಗೊಳ್ಳಬೇಕು.

ಸುಳ್ಳು ದೂರು ಬಂದರೆ ಎಂಬ ಭಯ ಕೆಲವರಿಗೆ. ದುರುದ್ದೇಶದ ದೂರಿಗೆ ಕಾಯ್ದೆಯಲ್ಲೇ ಕ್ರಮವಿದೆ. ಆದರೆ ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಶಿಕ್ಷಿಸುವಂತಿಲ್ಲ.

ನಿಮ್ಮ ಹೊಣೆ ಕಾಂಪೌಂಡಿನ ಗೇಟಿಗೆ ಮುಗಿಯುವುದಿಲ್ಲ. ನೀವು ಒದಗಿಸಿದ ಬಸ್ಸು, ವ್ಯಾನು ಕೂಡ ಕೆಲಸದ ಜಾಗವೇ. ಅಂಗಡಿಗೆ ಬರುವ ಗಿರಾಕಿ, ಸರಕು ತರುವ ಲಾರಿಯವನು, ಆಸ್ಪತ್ರೆಯ ರೋಗಿಯ ಕಡೆಯವರು, ಇವರಿಂದಲೂ ಅವಳಿಗೆ ರಕ್ಷಣೆ ಕೊಡಬೇಕು. ಅವಳು ಬಯಸಿದರೆ ಅಂಥವರ ಮೇಲೂ ಪೊಲೀಸ್ ದೂರು ದಾಖಲಾಗುವಂತೆ ನೋಡಿಕೊಳ್ಳಬೇಕು. ‘ಅವನು ನಮ್ಮ ನೌಕರನಲ್ಲ’ ಎಂಬ ಉತ್ತರ ಎಲ್ಲಿಯವರೆಗೆ ನಡೆಯುತ್ತದೆ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿನಲ್ಲೂ ಬಂದಿದೆ. ಆ್ಯಪ್ ಟ್ಯಾಕ್ಸಿಯ ಚಾಲಕನ ವಿರುದ್ಧ ಪ್ರಯಾಣಿಕೆಯೊಬ್ಬರು 2018ರಲ್ಲಿ ಕೊಟ್ಟ ದೂರನ್ನು, ಚಾಲಕರು ಸ್ವತಂತ್ರ ಗುತ್ತಿಗೆದಾರರು ಎಂಬ ಕಾರಣ ಕೊಟ್ಟು ಕಂಪನಿ ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಆ ವಾದವನ್ನು ತಳ್ಳಿಹಾಕಿ, ‘ವಿಚಾರಣೆ ನಡೆಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಿ’ ಎಂದು ಕಂಪನಿಗೆ ಹೇಳಿತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. ಕಾನೂನು ಯಾವ ಕಡೆಗೆ ನಿಂತರೂ, ತನ್ನ ಹೆಸರಿನಲ್ಲಿ ಓಡುವ ಗಾಡಿಯೊಳಗೆ ನಡೆದದ್ದಕ್ಕೆ ಕಂಪನಿ ಉತ್ತರ ಕೊಡಬೇಕು ಎಂದೇ ನನ್ನ ನಂಬಿಕೆ.

ಗಾರ್ಮೆಂಟ್ಸ್ ಮಾಲೀಕರಿಗೆ ಬೇರೆಯಾಗಿಯೇ ಹೇಳಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಮದ್ದೂರು, ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹೊಲಿಯುವವರು ಬಹುಪಾಲು ಹೆಂಗಸರು, ಅವರ ತಲೆಯ ಮೇಲೆ ನಿಂತು ಪ್ರೊಡಕ್ಷನ್ ಕೇಳುವವರು ಬಹುಪಾಲು ಗಂಡಸರು. ರಜೆ ಮಂಜೂರು ಮಾಡುವವನೂ ಅವನೇ, ಟಾರ್ಗೆಟ್ ಹಾಕುವವನೂ ಅವನೇ. ಅಂಥ ಕಡೆ ‘ದೂರು ಯಾರೂ ಕೊಟ್ಟಿಲ್ಲ’ ಎಂಬ ಮಾತು ಏನನ್ನೂ ಸಾಬೀತು ಮಾಡುವುದಿಲ್ಲ. ಪಕ್ಕದ ತಮಿಳುನಾಡಿನ ದಿಂಡಿಗಲ್‌ನ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುತ್ತಿದ್ದ ದಲಿತ ಯುವತಿ 2021ರ ಜನವರಿಯಲ್ಲಿ ಕೊಲೆಯಾದಳು. ಆರೋಪ ಬಂದದ್ದು ಅವಳ ಸೂಪರ್‌ವೈಸರ್ ಮೇಲೆ. ಅಲ್ಲಿನ ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ ಸುಮ್ಮನೆ ಕೂರಲಿಲ್ಲ. 2022ರಲ್ಲಿ ಕಾರ್ಖಾನೆಯ ಮಾಲೀಕರ ಜೊತೆಗೆ, ಅಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳೂ ಕಾನೂನಿನ ಬಲವಿರುವ ಒಪ್ಪಂದಕ್ಕೆ ಬರುವಂತೆ ಮಾಡಿತು. ಹೊಲಿಯುವ ಹೆಂಗಸರಲ್ಲೇ ಕೆಲವರು ತರಬೇತಿ ಪಡೆದು ಕಿರುಕುಳದ ಮೇಲೆ ಕಣ್ಣಿಡಬೇಕು, ಕಾರ್ಖಾನೆ ಮಾತು ತಪ್ಪಿದರೆ ಅದರ ವ್ಯಾಪಾರಕ್ಕೇ ಪೆಟ್ಟು ಬೀಳಬೇಕು ಎಂಬುದು ಆ ಒಪ್ಪಂದದ ಷರತ್ತಾಗಿತ್ತು. ಒಂದು ಜೀವ ಹೋದ ಮೇಲೆ ಆದ ವ್ಯವಸ್ಥೆ ಇದು. ನಮ್ಮ ಕಾರ್ಖಾನೆಗಳು ಅಷ್ಟರವರೆಗೆ ಕಾಯಬೇಕಿಲ್ಲ.

ಕಾಯ್ದೆಯ ಹಲ್ಲು ಮೊಂಡು ಎಂಬುದನ್ನು ಮುಚ್ಚಿಡುವುದಿಲ್ಲ. ಸಮಿತಿ ರಚಿಸದ ಮಾಲೀಕನಿಗೆ ದಂಡ 50,000 ರೂಪಾಯಿವರೆಗೆ. ಎರಡನೇ ಸಲ ಸಿಕ್ಕಿಬಿದ್ದರೆ ದುಪ್ಪಟ್ಟು, ಪರವಾನಗಿ ರದ್ದಾಗಲೂಬಹುದು. ಸಂತ್ರಸ್ತೆಗೆ ಸಿಗುವ ಪರಿಹಾರ ಕಿರುಕುಳ ಕೊಟ್ಟವನ ಸಂಬಳದಿಂದ ಬರುತ್ತದೆ, ಸಂಸ್ಥೆಯ ಗಲ್ಲಾಪೆಟ್ಟಿಗೆ ಹಾಗೇ ಇರುತ್ತದೆ. ಇದು ಬದಲಾಗಬೇಕು. ಹಲ್ಲು ಮೊಂಡಾದರೆ ಕಾಯ್ದೆಯನ್ನು ಎಷ್ಟು ಮಂದಿ ಪಾಲಿಸುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, 30 ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಲ್ಲಿ 16ರಲ್ಲಿ ಸಮಿತಿಯೇ ಇಲ್ಲ ಎಂಬ ವರದಿಯನ್ನು ತನ್ನ ತೀರ್ಪಿನಲ್ಲಿ ದಾಖಲಿಸಿತು. ದೇಶಕ್ಕೆ ಪದಕ ತಂದ ಕುಸ್ತಿಪಟುಗಳು ಆ ಹೊತ್ತಿಗೆ ಇಂಥದೇ ಕಿರುಕುಳದ ದೂರು ಹೊತ್ತು ದೆಹಲಿಯ ಬೀದಿಯಲ್ಲಿ ಧರಣಿ ಕೂತಿದ್ದರು.

ಹತ್ತು ಮಂದಿಗಿಂತ ಕಡಿಮೆ ಇರುವ ಅಂಗಡಿ, ಕ್ಲಿನಿಕ್, ಮನೆಗಳವರಿಗೂ ವಿನಾಯಿತಿ ಇಲ್ಲ. ಅಲ್ಲಿನ ಹೆಣ್ಣುಮಕ್ಕಳಿಗೆ, ಮಾಲೀಕನ ಮೇಲೆಯೇ ದೂರು ಇರುವವರಿಗೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಪ್ರತಿ ಜಿಲ್ಲೆಯಲ್ಲೂ 2025ರ ಜನವರಿ 31ರೊಳಗೆ ಆ ಸಮಿತಿ ಇರಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಮನೆಗೆಲಸದವಳ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳು ಕಂಡರೆ ಆ ಸಮಿತಿ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಕಳಿಸಬೇಕು.

ಹಾಗಾಗಿ ಕೇಳಿಕೊಳ್ಳುತ್ತೇನೆ: ನಿಮ್ಮ ಮುಂದಿನ ಆಡಳಿತ ಮಂಡಳಿ ಸಭೆಯ ಅಜೆಂಡಾದಲ್ಲಿ ಇದನ್ನು ಸೇರಿಸಿ. ಸಮಿತಿ ಇಲ್ಲದಿದ್ದರೆ ಅಂದೇ ಆದೇಶ ಬರೆಯಿರಿ. ಇದ್ದರೆ ಅದರ ಅವಧಿ ನೋಡಿ, ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಹೊಸದಾಗಿ ರಚಿಸಿ. ಆದೇಶವನ್ನು ಮತ್ತು ಕಿರುಕುಳಕ್ಕೆ ಇರುವ ಶಿಕ್ಷೆಯನ್ನು ಎಲ್ಲರ ಕಣ್ಣಿಗೂ ಬೀಳುವ ಕಡೆ ಅಂಟಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಸದಸ್ಯರ ಹೆಸರು ಮತ್ತು ಫೋನ್ ನಂಬರಿನೊಂದಿಗೆ ಹಾಕಿಸಿ. ಎಂಡಿಯ ಕೋಣೆಯ ಪಕ್ಕದಲ್ಲಿ ಬೇಡ. ಹೆಂಗಸರು ಊಟಕ್ಕೆ ಕೂರುವ ಕಡೆ, ಅವರ ಶೌಚಾಲಯದ ಬಾಗಿಲ ಬಳಿ, ಕರೆತರುವ ವ್ಯಾನಿನೊಳಗೆ ಹಾಕಿಸಿ. ಆಮೇಲೆ ಎಲ್ಲರನ್ನೂ ಒಂದು ಗಂಟೆ ಕೂರಿಸಿ ಆ ಸದಸ್ಯೆಯರ ಪರಿಚಯ ಮಾಡಿಸಿ. ಆ ಗಂಟೆಯ ಸಂಬಳ ಹಿಡಿಯಬೇಡಿ.