ಮನೆ ಮಾರುವ ಮೊದಲು ಒಂದು ಬೇಸಿಗೆ ಅಲ್ಲಿ ಇದ್ದು ಬನ್ನಿ

ಮಗಳು ಕರೆಯುತ್ತಿದ್ದಾಳೆ, ಮಗ ವೀಸಾದ ಕಾಗದಪತ್ರ ಮಾಡಿಸುತ್ತಿದ್ದಾನೆ, ಊರಿನ ಮನೆಗೆ ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆ. ಅರುವತ್ತು ದಾಟಿದ ನಮ್ಮವರ ಬಾಯಲ್ಲಿ ಈಚೆಗೆ ಈ ಮೂರು ಮಾತುಗಳನ್ನು ಒಟ್ಟೊಟ್ಟಿಗೆ ಕೇಳುತ್ತಿದ್ದೇನೆ. ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ. ಮುಪ್ಪಿನಲ್ಲಿ ಮಕ್ಕಳು ಕರೆಯುವುದು ಭಾಗ್ಯ. ಮೂರನೆಯದನ್ನು ಮಾತ್ರ ಎರಡು ವರ್ಷ ಮುಂದಕ್ಕೆ ಹಾಕಿ ಎಂದು ಹೇಳುವುದಕ್ಕೆ ಈ ಬರಹ.

ನಾನು ಹುಟ್ಟಿದ್ದು ಬಂಟ್ವಾಳದ ಕಡೆ. ಬ್ಯಾಂಕಿನ ನೌಕರಿ ನನ್ನನ್ನು ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿಗೆ, ಆದವಾನಿ ಸೀಮೆಗೆ ತಂದು ಹಾಕಿತು. ನಿವೃತ್ತನಾದ ಮೇಲೂ ಇಲ್ಲೇ, ಉರುಕುಂದದಲ್ಲಿ ಉಳಿದೆ. ಈರಣ್ಣ ಸ್ವಾಮಿಯ ಊರು ಎಂದರೆ ಬಳ್ಳಾರಿ, ರಾಯಚೂರಿನವರಿಗೆ ಬೇಗ ಗೊತ್ತಾಗುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವ ತನಕ ಆದವಾನಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ರಾಜ್ಯ ಬದಲಾಯಿತು, ಎಷ್ಟೋ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು. ಹಾಗಾಗಿ ನನಗೆ ಇದು ಪರಸ್ಥಳ ಅನ್ನಿಸಲಿಲ್ಲ. ಈಗ ಮಗಳು ಶಾರ್ಜಾದಲ್ಲಿದ್ದಾಳೆ, ಮಗ ಕೆನಡಾದಲ್ಲಿದ್ದಾನೆ, ನಮ್ಮ ಮನೆಗೂ ಗಿರಾಕಿ ಬಂದಿದ್ದಾನೆ. ಇದು ಪಕ್ಕದ ಮನೆಯವರಿಗೆ ಕೊಡುವ ಬುದ್ಧಿವಾದವಲ್ಲ, ನಮ್ಮ ಮನೆಯೊಳಗಿನ ವಿಷಯ.

ನಮ್ಮ ಸಮುದಾಯಕ್ಕೆ ಈ ಪ್ರಶ್ನೆ ಹೊಸದು. ಎಪ್ಪತ್ತರ ದಶಕದಿಂದ ಗಲ್ಫ್‌ಗೆ ಹೋದ ನಮ್ಮವರಿಗೆ ಅಲ್ಲೇ ಮುದುಕರಾಗುವ ಆಯ್ಕೆಯೇ ಇರಲಿಲ್ಲ. ಕೆಲಸ ಇದ್ದಷ್ಟು ದಿನ ವೀಸಾ, ಕೆಲಸ ಮುಗಿದ ಮೇಲೆ ಊರು. ಸೌದಿಯಲ್ಲಿ 2017ರ ಜುಲೈಯಿಂದ ಕುಟುಂಬದ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಎಷ್ಟೋ ಮಂದಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ರೂಮಿಗೆ ಮರಳಿದರು. ಅದೇ 2020ರಲ್ಲಿ ದುಬೈ 55 ದಾಟಿದವರಿಗೆ ಐದು ವರ್ಷದ ನಿವೃತ್ತಿ ವೀಸಾ ಶುರು ಮಾಡಿತು. ಅಲ್ಲಿ 10 ಲಕ್ಷ ದಿರ್ಹಮಿನ ಮನೆಯೋ ಅಷ್ಟೇ ಉಳಿತಾಯವೋ ಇರಬೇಕು, ಇಲ್ಲವೇ ತಿಂಗಳಿಗೆ ಗೊತ್ತುಮಾಡಿದಷ್ಟು ವರಮಾನ ತೋರಿಸಬೇಕು. 10 ಲಕ್ಷ ದಿರ್ಹಂ ಎಂದರೆ ನಮ್ಮ ಲೆಕ್ಕದಲ್ಲಿ ಎರಡು ಕೋಟಿಗೂ ಹೆಚ್ಚು. ಕೆನಡಾದಲ್ಲಿ 2011ರಿಂದ ತಂದೆತಾಯಿಗೆಂದೇ ಸೂಪರ್ ವೀಸಾ ಇದೆ. 2022ರಿಂದ ಅದರಲ್ಲಿ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು. ಮುಚ್ಚಿದ್ದ ಬಾಗಿಲು ಸ್ವಲ್ಪ ತೆರೆದಿದೆ. ತೆರೆದ ಕೂಡಲೇ ಹಿಂದಿನ ಬಾಗಿಲಿಗೆ ಮೊಳೆ ಹೊಡೆಯಬೇಕಾಗಿಲ್ಲ.

ಕೆಲವರು ಹೇಳುತ್ತಾರೆ: "ನಾನು 30 ವರ್ಷ ಗಲ್ಫ್‌ನಲ್ಲಿ ದುಡಿದವನು, ನನಗೆ ಅಲ್ಲಿನ ಬದುಕು ಗೊತ್ತಿಲ್ಲವೇ?" ಗೊತ್ತಿದೆ, ಕೆಲಸದವನ ಬದುಕು ಗೊತ್ತಿದೆ. ಬೆಳಿಗ್ಗೆ ಡ್ಯೂಟಿ, ರಾತ್ರಿ ಮೆಸ್ಸಿನ ಊಟ, ಶುಕ್ರವಾರ ಊರಿನವರ ಭೇಟಿ. ಆ ಬದುಕಿಗೆ ಒಂದು ಗುರಿಯಿತ್ತು: ಊರಿನ ಮನೆ, ತಂಗಿಯ ಮದುವೆ, ಮಕ್ಕಳ ಫೀಸು. ಕೆಲಸವಿಲ್ಲದ ಮುದುಕನಾಗಿ ಮಗಳ ಫ್ಲ್ಯಾಟಿನಲ್ಲಿ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಕೂತಿರುವುದು ಬೇರೆಯದೇ ಸಂಗತಿ. ಅದರ ಅನುಭವ ಯಾರಿಗೂ ಮೊದಲೇ ಇರುವುದಿಲ್ಲ, ಇದ್ದು ನೋಡಬೇಕು.

ಇದ್ದು ನೋಡುವುದು ಹೇಗೆಂದು ಕೇಳಿದರೆ ನಾನು ಇಲ್ಲಿನವರನ್ನು ತೋರಿಸುತ್ತೇನೆ. ಆದವಾನಿ, ಕೌತಾಳಂ, ಕೋಸಿಗಿ ಸುತ್ತಿನ ಹಳ್ಳಿಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ತಿಂಗಳುಗಟ್ಟಲೆ ಬೀದಿಯ ಅರ್ಧ ಮನೆಗಳಿಗೆ ಕೀಲಿ ಬಿದ್ದಿರುತ್ತದೆ. ಈ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಯುಗಾದಿಯ ಹೊತ್ತಿಗೆ ಹಲವರು ಮರಳುತ್ತಾರೆ, ಶ್ರಾವಣದಲ್ಲಿ ಈರಣ್ಣನ ದರ್ಶನಕ್ಕೆಂದು ಮತ್ತಷ್ಟು ಮಂದಿ. ಗುಳೆ ಬಡತನದ ದಾರಿ, ಅದನ್ನು ನಾನು ಹೊಗಳುತ್ತಿಲ್ಲ. ಮಕ್ಕಳ ಶಾಲೆ ತಪ್ಪುತ್ತದೆ, ಹಿಂದೆ ಉಳಿದ ಮುದುಕರು ಗಂಜಿ ಕಾಯಿಸಿಕೊಂಡು ದಿನ ದೂಡುತ್ತಾರೆ. ಆದರೂ ಅವರಲ್ಲಿ ಯಾರೂ ಮನೆ ಮಾರಿ ಹೊರಡುವುದಿಲ್ಲ. ಒಂದು ಸುಗ್ಗಿ ಹೋಗಿ ನೋಡುತ್ತಾರೆ. ಮೇಸ್ತ್ರಿ ಒಳ್ಳೆಯವನೇ, ನೀರು ಹಿಡಿಯಿತೇ, ಕೈಯಲ್ಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷದ ಮಾತು ಆಮೇಲೆ. ಹೋಗುವುದು ಬೇರೆ, ಬಿಟ್ಟುಬಿಡುವುದು ಬೇರೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿದೆ. ಕೋಟಿ ರೂಪಾಯಿಯ ನಿರ್ಧಾರ ಮಾಡುವ ನಾವು ಅಷ್ಟಾದರೂ ಕಲಿಯಬೇಕು.

ಈ ಲೆಕ್ಕದಲ್ಲೇ ನಾನು ಮತ್ತು ನನ್ನ ಹೆಂಡತಿ ಶಾರ್ಜಾದಲ್ಲಿ ಮೂರು ತಿಂಗಳು ಇದ್ದು ಬಂದೆವು. ಜೂನ್, ಜುಲೈ, ಆಗಸ್ಟ್. ಡಿಸೆಂಬರಿಗೆ ಬನ್ನಿ, ಹವೆ ಚೆನ್ನಾಗಿರುತ್ತದೆ ಎಂದು ಮಗಳು ಹೇಳಿದ್ದಳು. ಚೆನ್ನಾಗಿರುವಾಗ ಹೋದರೆ ನೆಂಟರಾಗಿ ಬರುತ್ತೇವೆ, ವಾಸ ತಿಳಿಯುವುದಿಲ್ಲ ಎಂದು ಬೇಸಿಗೆಯನ್ನೇ ಆರಿಸಿಕೊಂಡೆವು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನಲ್ಲಿ ಕೂಲಿ ಮಾಡಿಸಬಾರದೆಂದು ಅಲ್ಲಿ ನಿಯಮವೇ ಇದೆ. ಆದವಾನಿಯ ಬಿಸಿಲು ತಿಂದವನಿಗೆ ಇದೇನು ಎಂದುಕೊಂಡರೆ, ಅಲ್ಲಿನದು ಕಡಲಿನ ಸೆಕೆ. ಲಿಫ್ಟಿನಿಂದ ಇಳಿದು ಮಸೀದಿ ಮುಟ್ಟುವುದರೊಳಗೆ ಅಂಗಿ ಒದ್ದೆ.

ಮೂರು ತಿಂಗಳಲ್ಲಿ ತಿಳಿದದ್ದು ನಾನು ಎಣಿಸಿದ್ದಲ್ಲ. ನನ್ನ ಹೆಂಡತಿಗೆ ಅಲ್ಲಿ ಹಿಡಿಸಿತು. ನೀರಿಗಾಗಿ ಕಾಯುವುದಿಲ್ಲ, ಕರೆಂಟು ಹೋಗುವುದಿಲ್ಲ, ಅದು ಒಂದು. ಅದಕ್ಕಿಂತ ದೊಡ್ಡದು, ಅದೇ ಕಟ್ಟಡದಲ್ಲಿ ಉಳ್ಳಾಲದ ಒಬ್ಬರು, ಕಾಸರಗೋಡಿನ ಇಬ್ಬರು ಹೆಂಗಸರು ಇದ್ದರು. ಮಧ್ಯಾಹ್ನವಾದರೆ ಒಬ್ಬರ ಮನೆಯಲ್ಲಿ ಸೇರಿ ಬ್ಯಾರಿಯಲ್ಲಿ ಮಾತು, ಪತ್ತಿರಿ, ನಗು. ಮದುವೆಯಾಗಿ ಈ ಕಡೆ ಬಂದ ಮೇಲೆ ಮನೆಯಲ್ಲಿ ಮಕ್ಕಳು ದೊಡ್ಡವರಾಗಿ ಹೋದ ನಂತರ ಅವಳಿಗೆ ಬ್ಯಾರಿ ಮಾತಾಡಲು ಉಳಿದಿದ್ದವನು ನಾನೊಬ್ಬನೇ. ನಾನು ಹೆಚ್ಚು ಮಾತಿನವನಲ್ಲ. ತನ್ನ ತಾಯಿನುಡಿ ಬೀದಿಯಲ್ಲಿ ಕೇಳಿಸುವ ಊರು ಅವಳಿಗೆ ವಿದೇಶದಲ್ಲಿ ಸಿಕ್ಕಿತು. ಹಿಂದಿರುಗುವ ವಾರ "ನೀವು ಬೇಕಾದರೆ ಹೋಗಿ, ನಾನು ಇನ್ನೊಂದು ಸಲಕ್ಕೆ ಹೆಚ್ಚು ದಿನ ಇರುತ್ತೇನೆ" ಎಂದಳು.

ನನಗೆ ಹಿಡಿಸಲಿಲ್ಲ. ಉರುಕುಂದದಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಯಾರಾದರೂ ಪಾಸ್‌ಬುಕ್ ಹಿಡಿದು ನಿಂತಿರುತ್ತಾರೆ. ಒಬ್ಬರಿಗೆ ಪಿಂಚಣಿ ನಿಂತಿದೆ, ಒಬ್ಬರಿಗೆ ಬೆಳೆಸಾಲದ ಅರ್ಜಿ. "ಮ್ಯಾನೇಜರ್ ಸಾರ್" ಎಂದು ಕೂಗಿದರೆ ನಾನಿನ್ನೂ ಕೆಲಸಕ್ಕೆ ಬರುತ್ತೇನೆ ಅನ್ನಿಸುತ್ತದೆ. ಅಲ್ಲಿ ಮಗಳು ಅಳಿಯ ಆರೂವರೆಗೆ ಹೊರಟರೆ ಸಂಜೆ ಏಳರವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮಗಳ ತಪ್ಪಿಲ್ಲ, ಊರಿನ ತಪ್ಪೂ ಇಲ್ಲ.

ಒಂದೇ ಮನೆಯಲ್ಲಿ ಒಂದೇ ಮೂರು ತಿಂಗಳು ಇಬ್ಬರಿಗೆ ಎರಡು ಉತ್ತರ ಕೊಟ್ಟಿತು. ಇದ್ದು ನೋಡದೆ ಹೋಗಿದ್ದರೆ ಎಲ್ಲರ ಮನೆಯಲ್ಲಿ ಆಗುವಂತೆ ಗಂಡಸಿನ ಅಭಿಪ್ರಾಯವೇ ಮನೆಯ ಅಭಿಪ್ರಾಯ ಆಗುತ್ತಿತ್ತು. ನಮ್ಮಲ್ಲಿ ಹೋಗುವುದನ್ನೂ ಉಳಿಯುವುದನ್ನೂ ಗಂಡಸರು ತೀರ್ಮಾನಿಸುತ್ತಾರೆ. ಗಂಡ ದುಬೈಯಲ್ಲಿದ್ದಾಗ ಇಪ್ಪತ್ತು ವರ್ಷ ಊರಿನಲ್ಲಿ ಮನೆ ನಡೆಸಿದವಳು ಅವಳು. ಮುಪ್ಪಿನಲ್ಲಿ ಎಲ್ಲಿರಬೇಕೆಂದು ಅವಳನ್ನು ಬೇರೆಯಾಗಿ ಕೂರಿಸಿ ಕೇಳಿದ ಮನೆ ಎಷ್ಟಿದೆ?

ಇನ್ನೊಂದು ಸಂಗತಿ ಅಲ್ಲಿದ್ದಾಗ ಗಟ್ಟಿಯಾಗಿ ಅರ್ಥವಾಯಿತು. ಮಗಳ ಮನೆ ನಿಂತಿರುವುದು ಅಳಿಯನ ಕೆಲಸದ ಮೇಲೆ. ಯುಎಇಯಲ್ಲಿ ಮಕ್ಕಳು ತಂದೆತಾಯಿಗೆ ಮಾಡಿಸುವ ಸಾಮಾನ್ಯ ವಾಸದ ವೀಸಾ ಒಂದೊಂದು ವರ್ಷದ್ದು. ಮಾಡಿಸಿದವನ ಕೆಲಸ ಹೋದರೆ ಅದೂ ಹೋಗುತ್ತದೆ. ಸಾಮಾನ್ಯ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೂ ಅದು ರದ್ದಾಗುತ್ತದೆ. ಇನ್ನೊಬ್ಬರ ಕೆಲಸದ ಕರಾರಿನ ಮೇಲೆ ನಿಂತ ಮುಪ್ಪಿಗೆ ಹಿಂದೆ ಒಂದು ಸ್ವಂತ ಮನೆ ಇರಲೇಬೇಕು.

ಹಣದ ಲೆಕ್ಕ ನನ್ನ ಕಸುಬು, ಆದ್ದರಿಂದ ನಾಲ್ಕು ಮಾತು. ನೋಡಿ ಬರಲು ಹೋದವರ ಬ್ಯಾಂಕ್ ಖಾತೆಗೆ ಏನೂ ಆಗುವುದಿಲ್ಲ. ನೆಲೆಸಲು ಹೋದರೆ ನೀವು ಅನಿವಾಸಿ. ಆಗ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಹಿರಿಯ ನಾಗರಿಕರೆಂದು ಠೇವಣಿಗೆ ಸಿಗುವ ಹೆಚ್ಚುವರಿ ಬಡ್ಡಿ ಎನ್‌ಆರ್‌ಇ, ಎನ್‌ಆರ್‌ಒ ಠೇವಣಿಗಳಿಗೆ ಇಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯಲು ಬರುವುದಿಲ್ಲ. ಪಿಂಚಣಿಯವರು ಎಲ್ಲೇ ಇರಲಿ, ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಲೇಬೇಕು. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಕೊಡಬಹುದು, ಹೋಗುವ ಮೊದಲು ಇಲ್ಲೇ ಒಮ್ಮೆ ಮಾಡಿ ಕಲಿತುಕೊಳ್ಳಿ.

ಆಸ್ಪತ್ರೆಯ ಲೆಕ್ಕ ಇದಕ್ಕಿಂತ ಭಾರ. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಇಲ್ಲಿನ ಚಿಕಿತ್ಸೆಗೆ ಮಾತ್ರ. 70 ದಾಟಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷದ ಸೌಲಭ್ಯ ಬಂದಿದೆ, ಅದೂ ದೇಶದೊಳಗೆ. ಕೆನಡಾದ ಸೂಪರ್ ವೀಸಾಕ್ಕೆ ಕನಿಷ್ಠ 1 ಲಕ್ಷ ಡಾಲರಿನ ವೈದ್ಯಕೀಯ ವಿಮೆ ತೋರಿಸಬೇಕು. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಸಿಕ್ಕಿದ ಹಿರಿಯರೂ ಸರಕಾರದ ಮೆಡಿಕೇರ್ ಕೊಳ್ಳಲು ಐದು ವರ್ಷ ಅಲ್ಲಿ ನೆಲೆಸಿರಬೇಕು. ಸಕ್ಕರೆ, ಬಿಪಿ ಇದ್ದವರು ಮೂರು ತಿಂಗಳ ಮಾತ್ರೆಗೆ ಅಲ್ಲಿ ಎಷ್ಟಾಗುತ್ತದೆಂದು ಅಂಗಡಿಯಲ್ಲಿ ನಿಂತು ಕೇಳಿ. ಮಗ "ಅದೆಲ್ಲ ನಾನು ನೋಡಿಕೊಳ್ಳುತ್ತೇನೆ ಉಪ್ಪ" ಎನ್ನುತ್ತಾನೆ. ನೋಡಿಕೊಳ್ಳುತ್ತಾನೆ ಕೂಡ. ಆದರೆ ಅವನ ಸಂಬಳದಿಂದ ಎಷ್ಟು ಹೋಗುತ್ತದೆಂದು ನಮಗೆ ಗೊತ್ತಿರಬೇಕು.

ಕೆಲವು ಮಾತುಗಳನ್ನು ನಾವು ಮಕ್ಕಳೆದುರು ಆಡುವುದೇ ಇಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ತಂದೆತಾಯಿಯನ್ನು ಕರೆಯುವುದು ತಪ್ಪಲ್ಲ, ಹೋಗುವುದೂ ಸಂತೋಷವೇ. ಆದರೆ ಅದಕ್ಕೆ ನಿವೃತ್ತಿ ಎಂದು ಹೆಸರಿಡಬೇಡಿ. ಮಗು ನಾಲ್ಕು ವರ್ಷಕ್ಕೆ ಶಾಲೆಗೆ ಹೋಗುತ್ತದೆ. ಆಮೇಲೆ ಆ ಮನೆಯಲ್ಲಿ ನಮ್ಮ ಹಗಲು ಏನು? ಹಾಗೆಯೇ, ಅಲ್ಲಿ ಕಣ್ಣು ಮುಚ್ಚಿದರೆ ಮಯ್ಯತ್ ಅಲ್ಲೇ ದಫನ ಆಗಬೇಕೋ, ಆಸ್ಪತ್ರೆ, ಪೊಲೀಸ್, ಕಾನ್ಸುಲೇಟಿನ ಕಾಗದಗಳೆಲ್ಲ ಮುಗಿಸಿ ಊರಿಗೆ ಬರಬೇಕೋ? ಇದನ್ನು ನಾವು ಬದುಕಿರುವಾಗಲೇ ಬಾಯಿಬಿಟ್ಟು ಹೇಳಿದರೆ ಆ ದಿನ ಮಕ್ಕಳು ಗೊಂದಲದಲ್ಲಿ ಓಡಾಡಬೇಕಾಗಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಗಳು ಗೊತ್ತಿವೆ. ಪರೀಕ್ಷೆ ಮಾಡುತ್ತೇವೆಂದರೆ ಮಕ್ಕಳಿಗೆ ನೋವಾಗುತ್ತದೆ ಎನ್ನುತ್ತಾರೆ. ಇದು ಮಕ್ಕಳ ಪರೀಕ್ಷೆಯಲ್ಲ, ನಮ್ಮದು. ಅವರಿಗೂ ಇದರಿಂದ ಉಪಕಾರವೇ. ಅಪ್ಪ ಅಮ್ಮ ಮೂರು ಕೋಣೆಯ ಮನೆಯಲ್ಲಿ ದಿನವಿಡೀ ಇರುವುದು ಅಳಿಯನಿಗೆ, ಸೊಸೆಗೆ ಹೇಗಿರುತ್ತದೆಂದು ಅವರೂ ತಿಳಿಯಲಿ. ಎರಡು ಕಡೆ ಖರ್ಚು ಎನ್ನುತ್ತಾರೆ. ಬೀಗ ಹಾಕಿದ ಮನೆಗೆ ತೆರಿಗೆ ಬಿಟ್ಟರೆ ಹೆಚ್ಚು ಖರ್ಚಿಲ್ಲ, ನಂಬಿಕಸ್ಥರಿಗೆ ಬಾಡಿಗೆಗೂ ಕೊಡಬಹುದು. ಮಾರಿದ ಮನೆಯನ್ನು ಎಪ್ಪತ್ತರಲ್ಲಿ ಮತ್ತೆ ಕಟ್ಟುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಗಿರಾಕಿ ಕೈತಪ್ಪಿದರೆ ಎಂದು ನನ್ನನ್ನೂ ಕೇಳಿದರು. ತಪ್ಪಲಿ ಎಂದೆ. ಊರಿಗೇ, ಬಂಟ್ವಾಳಕ್ಕೇ ಹೋಗಿಬಿಡಿ ಎನ್ನುವವರೂ ಇದ್ದಾರೆ. ನಾವು ಬಿಟ್ಟು ಬಂದ ಊರು ಅಲ್ಲಿ ಹಾಗೆಯೇ ಕೂತಿಲ್ಲ, ಅಲ್ಲಿಗೂ ಮೂರು ತಿಂಗಳು ಹೋಗಿಯೇ ನೋಡುತ್ತೇವೆ.

ಸದ್ಯಕ್ಕೆ ನಮ್ಮ ಮನೆಯ ತೀರ್ಮಾನ ಇಷ್ಟು. ಈ ಚಳಿಗಾಲಕ್ಕೆ ಅವಳು ಮೊದಲು ಹೋಗುತ್ತಾಳೆ, ನಾನು ನವೆಂಬರಿನ ಕೆಲಸ ಮುಗಿಸಿ ಹಿಂದಿನಿಂದ ಹೋಗುತ್ತೇನೆ. ಎರಡು ವರ್ಷ ಹೀಗೆ ಹೋಗಿ ಬಂದು ಮತ್ತೆ ಕೂತು ಮಾತಾಡುತ್ತೇವೆ. ನೀವು ಹೊರಡುವವರಾದರೆ ಹೋಗಿ ಬರುವ ಟಿಕೆಟ್ ತೆಗೆಯಿರಿ, ಕಷ್ಟದ ಕಾಲವನ್ನೇ ಆರಿಸಿ, ನೆಂಟರಂತೆ ತಿರುಗಾಡದೆ ತರಕಾರಿ ತಂದು ಮನೆಯವರಂತೆ ಇರಿ. ಮರಳಿ ಬಂದ ಮೇಲೆ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ತಮ್ಮ ಉತ್ತರ ಹೇಳಲಿ. ಎರಡೂ ಉತ್ತರ ಒಂದೇ ಆದ ದಿನ ಮನೆಯ ಕ್ರಯಪತ್ರಕ್ಕೆ ಸಹಿ ಹಾಕಿದರೆ ಸಾಕು.