ಬಾಗಿಲು ಎಲ್ಲಿದೆ ಅಂತ ಮೊದಲು ಕನ್ನಡದಲ್ಲಿ ಬರೆಯಿಸಿ

ಡಿಚೋಲಿ ಸುತ್ತಮುತ್ತ ದುಡಿಯೋ ನಮ್ಮ ಹುಡುಗರಿಗೆ ಒಂದೇ ಪ್ರಶ್ನೆ. ದಿನಾ ಹತ್ತು ಹನ್ನೆರಡು ತಾಸು ನೀವು ನಿಂತು ಕೆಲಸ ಮಾಡೋ ಶೆಡ್ಡಿಗೆ ಎಷ್ಟು ಬಾಗಿಲಿವೆ? ಎರಡನೇದು ಎಲ್ಲಿದೆ? ಅದರ ಕೀಲಿ ಯಾರ ಹತ್ರ ಇದೆ?

ತಟ್ಟನೆ ಉತ್ತರ ಬರಲಿಲ್ಲ ಅಂದ್ರೆ ಈ ಬರಹ ನಿಮಗೇ.

ಕೆಲವು ವರ್ಷದ ಹಿಂದಿನ ಮಾತು. ನಮ್ಮ ಸೋದರಮಾವ ಇಲ್ಲೇ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ರು. ಶೆಡ್ಡಿನ ಹೆಸರು ಬೇಡ. ಒಂದು ಮಧ್ಯಾಹ್ನ ವೈರಿಂಗ್ ಸುಟ್ಟು ರಟ್ಟಿನ ಡಬ್ಬಿಗಳಿಗೆ ಬೆಂಕಿ ಹತ್ತಿತು. ಗೋಡೆ ಮೇಲೆ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಇತ್ತು. ಮಾವ ಓಡಿಹೋಗಿ ಅದನ್ನ ಕೆಳಗಿಳಿಸಿದ್ರು. ಮುಂದೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಎಲ್ಲಾ ಇಂಗ್ಲಿಷಿನಲ್ಲಿ ಬರೆದಿತ್ತು. ಪಿನ್ ಎಳೀಬೇಕು ಅಂತ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಕಡೆಗೆ ಇಡೀ ಸಿಲಿಂಡರನ್ನೇ ಎತ್ತಿ ಬೆಂಕಿಗೆ ಒಗೆದ್ರು. ಹೊರಗಿನ ಟ್ಯಾಂಕಿನ ನೀರು ತಂದು ಆರಿಸೋ ಹೊತ್ತಿಗೆ ಅವರ ಬಲಗೈ ಮೊಣಕೈವರೆಗೂ ಸುಟ್ಟಿತ್ತು.

ಆಸ್ಪತ್ರೆಯಲ್ಲಿ ಅವರು ನನ್ನ ಕೇಳಿದ್ದು ಇಷ್ಟೇ: "ತಮ್ಮಾ, ಆ ಕೆಂಪು ಡಬ್ಬಿ ಹ್ಯಾಂಗ ತಗೀಬೇಕಂತ ಯಾರರ ಒಬ್ರು ಹೇಳಿದ್ರ ನಾ ಕಲೀತಿದ್ನಿಲ್ಲೋ?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ. ಹೇಳಿಕೊಡಬೇಕು ಅಂತ ಕಾನೂನೇ ಹೇಳಿತ್ತು. ಆ ಕಾನೂನು ನಮ್ಮ ಪರವಾಗಿ ಓದೋರು ಯಾರೂ ಇರಲಿಲ್ಲ, ಅಷ್ಟೇ.

1948ರ ಕಾರ್ಖಾನೆ ಕಾಯ್ದೆಯ 38ನೇ ಕಲಂ ತೆಗೆದು ನೋಡಿ. ಬೆಂಕಿ ಬಿದ್ದಾಗ ಹೊರಹೋಗೋ ದಾರಿ ಕಾರ್ಖಾನೆಯಲ್ಲಿ ಇರಬೇಕು. ಅದು ಎಲ್ಲಾ ಕಾರ್ಮಿಕರಿಗೆ ಪರಿಚಯ ಇರಬೇಕು. ಆ ಹೊತ್ತಿಗೆ ಏನು ಮಾಡಬೇಕು ಅಂತ ಅವರಿಗೆ ಸಾಕಷ್ಟು ತರಬೇತಿ ಕೊಟ್ಟಿರಬೇಕು. ಅದೇ ಕಾಯ್ದೆಯ 108ನೇ ಕಲಂ ಇನ್ನೊಂದು ಮಾತು ಹೇಳುತ್ತೆ: ಕಾಯ್ದೆ ಪ್ರಕಾರ ಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿ ಇರಬೇಕು, ಜೊತೆಗೆ ಆ ಕಾರ್ಖಾನೆಯ ಬಹುಪಾಲು ಕಾರ್ಮಿಕರಿಗೆ ತಿಳಿಯೋ ಭಾಷೆಯಲ್ಲೂ ಇರಬೇಕು. ಇನ್ನೊಮ್ಮೆ ಓದಿ. ಇಲ್ಲಿ ಲೆಕ್ಕಕ್ಕೆ ಬರೋದು ಮಾಲೀಕನ ಭಾಷೆಯಲ್ಲ, ರಾಜ್ಯದ ಭಾಷೆಯೂ ಅಲ್ಲ, ದುಡಿಯೋರ ಭಾಷೆ. ವಿಜಯಪುರ, ಬಾಗಲಕೋಟೆ, ಗದಗ, ಸವದತ್ತಿಯಿಂದ ಬಂದೋರೇ ಹೆಚ್ಚಿರೋ ಕಾರ್ಖಾನೆಯಲ್ಲಿ ಆ ಭಾಷೆ ಕನ್ನಡ. ಇದು ನಮ್ಮ ಪೇಜಿನ ಘೋಷಣೆ ಅಲ್ಲ, ಸಂಸತ್ತು ಬರೆದ ಕಲಂ.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಅದರಲ್ಲೂ ಸುರಕ್ಷತೆಯ ಮಾಹಿತಿ ಮಾಲೀಕನಿಂದ ಕೇಳಿ ಪಡೆಯೋ ಹಕ್ಕು ಕಾರ್ಮಿಕನಿಗಿದೆ. ಆದರೆ ಕಾರ್ಖಾನೆ ಅನ್ನಿಸಿಕೊಳ್ಳೋಕೆ ಈಗ ವಿದ್ಯುತ್ ಬಳಸೋ ಕಡೆ 20 ಕಾರ್ಮಿಕರು ಇರಬೇಕು, ಮೊದಲು 10 ಸಾಕಿತ್ತು. ಹದಿನೈದು ಜನರ ಶೆಡ್ಡಿನಲ್ಲಿ ಬೆಂಕಿ ಸಣ್ಣದಾಗಿ ಉರಿಯುತ್ತಾ? ದುಡಿಯೋರ ಭಾಷೆಯಲ್ಲಿ ಸೂಚನೆ ಹಾಕಬೇಕು ಅನ್ನೋ ಮಾತು ಹೊಸ ನಿಯಮಗಳಲ್ಲೂ ಗಟ್ಟಿಯಾಗಿ ಉಳಿಯಬೇಕು. ಉಳಿಸೋರು ಯಾರು? ಜಯಂತಿಗೆ ಶಾಲು ಹೊದ್ದು ಭಾಷಣ ಮಾಡೋರಾ?

ಈಗ ಅರ್ಪೋರಾಕ್ಕೆ ಬರೋಣ. ಡಿಚೋಲಿಯಿಂದ ತಾಸಿನ ದಾರಿ. 2025ರ ಡಿಸೆಂಬರ್ 6ರ ನಡುರಾತ್ರಿ ಅಲ್ಲಿನ 'ಬರ್ಚ್ ಬೈ ರೋಮಿಯೋ ಲೇನ್' ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತರು. ಹೆಚ್ಚಿನವರು ಕುಣಿಯೋಕೆ ಬಂದೋರಲ್ಲ, ಅಡುಗೆ ಮಾಡೋಕೆ, ಬಡಿಸೋಕೆ, ತೊಳೆಯೋಕೆ ಬಂದೋರು. ಝಾರ್ಖಂಡ್, ಅಸ್ಸಾಂ, ಉತ್ತರಾಖಂಡ, ನೇಪಾಳದ ಮಕ್ಕಳು. ಹಲವರು ಕೆಳಗಿನ ಅಡುಗೆಮನೆಯಲ್ಲಿ ಹೊಗೆ ಕುಡಿದು ಸತ್ತರು. ದಾರಿ ಇಕ್ಕಟ್ಟು, ಅಗ್ನಿಶಾಮಕ ವಾಹನ ದೂರದಲ್ಲೇ ನಿಲ್ಲಬೇಕಾಯ್ತು.

ಇದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ಆ ಕಟ್ಟಡ ಕೆಡವೋಕೆ ಪಂಚಾಯ್ತಿ ಮೊದಲೇ ನೋಟಿಸು ಕೊಟ್ಟಿತ್ತು. ಮೇಲಿನ ಕಚೇರಿಯಿಂದ ಅದಕ್ಕೆ ತಡೆ ಬಂತು. ಅಂದ್ರೆ ಅಲ್ಲಿ ಸರಿಯಿಲ್ಲ ಅನ್ನೋದು ಕಾಗದದ ಮೇಲೆ ಇತ್ತು. ಆ ಕಾಗದದ ಬೆನ್ನುಹತ್ತಿ, ತಡೆ ಯಾಕೆ ಕೊಟ್ಟಿರಿ ಅಂತ ಅಡುಗೆಮನೆ ಹುಡುಗರ ಪರವಾಗಿ ಕೇಳೋ ವಕೀಲ ಇರಲಿಲ್ಲ. ಬೆಂಕಿ ಆರಿದ ಮೇಲೆ ಬೇಕಾದಷ್ಟು ವಕೀಲರು ಬಂದರು. ಹೆಚ್ಚಿನ ಶುಲ್ಕ ಕೊಡೋ ತಾಕತ್ತು ಯಾವ ಕಡೆಗಿತ್ತು ಅಂತ ನಾನು ಹೇಳಬೇಕಾಗಿಲ್ಲ.

"ಏನ್ ಮಾಡೋದು, ಹಣೆಬರಹ" ಅಂತ ಕೆಲವರು ಅಂತಾರೆ. ನಮ್ಮ ತಾಲೂಕಿನ ಶಿರಗಾಂವದಲ್ಲಿ ಲೈರಾಯಿ ಜಾತ್ರೆಗೆ ಭಕ್ತರು ಕೆಂಡ ಹಾಯ್ತಾರೆ. ನಮ್ಮೂರಲ್ಲಿ ವೀರಭದ್ರನ ಜಾತ್ರೆಗೂ ಹಾಯ್ತಾರೆ. ಅವರು ವ್ರತ ಹಿಡಿದು, ಮಡಿ ಉಟ್ಟು, ತಾವಾಗಿ ಬೆಂಕಿಗೆ ಇಳಿಯೋರು. ಅಡುಗೆಮನೆಯ ಹುಡುಗ ಯಾವ ಹರಕೆ ಹೊತ್ತಿದ್ದ? ಕೀಲಿ ಹಾಕಿದ ಬಾಗಿಲಿಗೆ ಹಣೆಬರಹ ಅಂತ ಹೆಸರಿಡಬೇಡಿ.

ಈ ದೇಶದಲ್ಲಿ ಬೆಂಕಿಯ ಕಾನೂನು ಮುಂದೆ ಹೋಗಿದ್ದು ಯಾರಿಂದ ಗೊತ್ತಾ? ಹೆಚ್ಚಿನ ಸಲ ಮಕ್ಕಳನ್ನ ಕಳಕೊಂಡೋರಿಂದ, ಪಟ್ಟುಬಿಡದೆ ಕೋರ್ಟು ಹತ್ತಿದೋರಿಂದ. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚಿಗೆ ಕುರ್ಚಿ ಹಾಕಿ ಓಡಾಡೋ ದಾರಿಯನ್ನೇ ಮುಚ್ಚಿದ್ದರು. ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ತಮ್ಮ ಇಬ್ಬರೂ ಮಕ್ಕಳನ್ನ ಕಳಕೊಂಡು, ಉಳಿದ ಕುಟುಂಬಗಳನ್ನ ಸೇರಿಸಿ ಸಂಘ ಕಟ್ಟಿದ್ರು. ವಕೀಲ ಕೆ.ಟಿ.ಎಸ್. ತುಳಸಿ ಹಣ ಪಡೆಯದೆ ವಾದಿಸಿದ್ರು. ಎರಡು ದಶಕ ನಡೆದ ಹೋರಾಟ ಅದು. ಕುರ್ಚಿಯ ಸಾಲು, ಮುಚ್ಚಿದ ದಾರಿ, ಚಿಲಕ ಹಾಕಿದ ಬಾಗಿಲು, ಇವೆಲ್ಲಾ ಸಾಕ್ಷಿ ಆದವು.

2004ರ ಜುಲೈ 16ರಂದು ಕುಂಭಕೋಣಂ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದರು. ಆಮೇಲೆ ಅವಿನಾಶ್ ಮೆಹ್ರೋತ್ರಾ ಹಾಕಿದ ಅರ್ಜಿ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಶಿಕ್ಷಣದ ಹಕ್ಕು ಅಂದ್ರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು. ಶಾಲೆಗಳಲ್ಲಿ ಬೆಂಕಿ ಆರಿಸೋ ಸಾಧನ ಇರಬೇಕು ಅಂತ ದೇಶಕ್ಕೆಲ್ಲಾ ಆದೇಶ ಆಯ್ತು. ಒಂದು ಅರ್ಜಿಯ ತಾಕತ್ತು ಅದು.

ಹಾಗಾದ್ರೆ ಬೆಂಕಿಯ ಕಾನೂನು ಬಲ್ಲ ವಕೀಲ ಮಾಡೋ ಕೆಲಸ ಏನು? ಕೋಟು ಹಾಕಿ ಕೂಗಾಡೋದಲ್ಲ. ಮಂಜೂರಾದ ನಕ್ಷೆ, ಪಡೆದ ಪರವಾನಗಿ, ನಿಂತಿರೋ ಕಟ್ಟಡ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ತಾನೆ. ನಕ್ಷೆಯಲ್ಲಿ ಎರಡು ಮೆಟ್ಟಿಲು, ಕಟ್ಟಡದಲ್ಲಿ ಒಂದೇ. ಪರವಾನಗಿ ಗೋದಾಮಿಗೆ, ಒಳಗೆ ರಾತ್ರಿ ಮಲಗೋರು ಹತ್ತು ಜನ. ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಎಲ್ಲಿ ಅಂದ್ರೆ "ಬರ್ತಾ ಇದೆ". ಇಂಥ ಒಂದೊಂದು ಬಿರುಕನ್ನೂ ಬರೆದು ಮಾಲೀಕನಿಗೂ ಇಲಾಖೆಗೂ ನೋಟಿಸು ಕಳಿಸ್ತಾನೆ. ಆ ನೋಟಿಸು ತಲುಪಿದ ದಿನದಿಂದ "ನಮಗೆ ಗೊತ್ತಿರಲಿಲ್ಲ" ಅನ್ನೋ ಮಾತು ಸತ್ತುಹೋಯ್ತು. ಅದಕ್ಕೂ ಬಗ್ಗದಿದ್ರೆ ಬಾಂಬೆ ಹೈಕೋರ್ಟಿನ ಗೋವಾ ಪೀಠ ಇದೆ. ಇನ್ನೊಂದು ಗಮನಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಅನ್ನೋದು ತಾನಾಗಿ ಕಾನೂನಲ್ಲ, ರಾಜ್ಯ ಒಪ್ಪಿಕೊಂಡಷ್ಟೇ ಕಾನೂನು. ಬೆಂಕಿ ರಾಜ್ಯದ ವಿಷಯ. ಬೆಳಗಾವಿಯ ನಿಯಮ ಚೋರ್ಲಾ ಘಾಟು ಇಳಿದ ಮೇಲೆ ನಡೆಯಲ್ಲ. ಅದಕ್ಕೇ ಗೋವಾದ ಕಾನೂನು ಓದಿದ, ಕನ್ನಡದಲ್ಲಿ ನಮ್ಮೋರ ಮಾತು ಕೇಳಿಸಿಕೊಳ್ಳೋ ವಕೀಲ ಇಲ್ಲೇ ಬೇಕು.

"ಕಾಗದ ಕೇಳಿದ್ರೆ ಕೆಲಸ ಹೋಗುತ್ತೆ ಅಣ್ಣಾ" ಅಂತೀರಿ. ನಿಜ. ಸುಳ್ಳು ಧೈರ್ಯ ನಾನು ಹೇಳಲ್ಲ. ಊರಿಗೆ ದುಡ್ಡು ಕಳಿಸಬೇಕು, ಖೋಲಿ ಬಾಡಿಗೆ ಕಟ್ಟಬೇಕು. ಒಬ್ಬನೇ ಕೇಳಿದ್ರೆ ಒಬ್ಬನೇ ಹೊರಗೆ ಹೋಗ್ತಾನೆ. ಅದಕ್ಕೇ ಕೇಳೋದು ಸಂಘ ಆಗಿರಬೇಕು, ವಕೀಲ ಆಗಿರಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅದನ್ನ ಕೆಲಸಕ್ಕಿರೋನೇ ಹಾಕಬೇಕು ಅಂತಿಲ್ಲ, ಖಾನಾಪುರದಲ್ಲಿ ಕೂತ ಗೆಳೆಯನೂ ಹಾಕಬಹುದು. ಇಂಗ್ಲಿಷು, ಹಿಂದಿ ಅಥವಾ ಅಲ್ಲಿನ ಅಧಿಕೃತ ಭಾಷೆಯಲ್ಲಿರಬೇಕು. ಕುಂದುಕೊರತೆಯ ಮನವಿಯಾದ್ರೆ ಸಂವಿಧಾನದ 350ನೇ ವಿಧಿ ಇದೆ, ದೇಶದಲ್ಲಿ ಬಳಸೋ ಭಾಷೆಯಲ್ಲಿ ಕೊಡಬಹುದು. ಉತ್ತರವೂ ಕನ್ನಡದಲ್ಲೇ ಬರುತ್ತೆ ಅಂತ ಅದರಲ್ಲಿಲ್ಲ. ಕಾರ್ಖಾನೆ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಕಾನೂನು ನೆರವು ಪುಕ್ಕಟೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಡಿಚೋಲಿ ಕೋರ್ಟಿಗೆ ಹೋಗಿ ವಿಚಾರಿಸಿ.

ಇನ್ನೊಬ್ಬರು ಕೇಳ್ತಾರೆ: "ಗೋವಾಕ್ಕೆ ಬಂದಿದೀರಿ, ಕೊಂಕಣಿ ಕಲೀರಿ." ಕಲೀತೀವಿ, ಕಲೀಲೇಬೇಕು, ಸಂತೆಯಲ್ಲಿ ನಾವೆಲ್ಲಾ ಕೊಂಕಣಿಯಲ್ಲೇ ವ್ಯಾಪಾರ ಮಾಡ್ತೀವಿ. ಆದ್ರೆ ನಿನ್ನೆ ರಾತ್ರಿ ಬಸ್ಸಿಳಿದು ಇವತ್ತು ಪಾಳಿಗೆ ನಿಂತ ಹುಡುಗ ಕಲಿಯೋತನಕ ಹೊಗೆ ಕಾಯಲ್ಲ.

ಇದು ಬರೀ ಕನ್ನಡಿಗರ ಹಠ ಅಲ್ಲ. 2023ರ ಅಕ್ಟೋಬರ್ 7ರಂದು ನಮ್ಮದೇ ಗಡಿಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. 14ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ತಮಿಳುನಾಡಿನಿಂದ ದುಡಿಯೋಕೆ ಬಂದ ಹುಡುಗರು. ಅಲ್ಲಿ ಸೂಚನೆ ತಮಿಳಿನಲ್ಲೂ ಇರಬೇಕು ಅಂತ ನಾವು ಹೇಳಲೇಬೇಕು. ಹೇಳದಿದ್ರೆ ಡಿಚೋಲಿಯಲ್ಲಿ ಕನ್ನಡ ಕೇಳೋ ಬಾಯಿ ನಮಗಿಲ್ಲ.

ಗಡಿ ತಾಲೂಕಿನ ತಮ್ಮಂದಿರೇ, ತಂಗಿಯರೇ. ಪಿಯುಸಿ ಮುಗಿದ ಮೇಲೆ ಏನು ಅಂತ ಇನ್‌ಬಾಕ್ಸಿನಲ್ಲಿ ಕೇಳ್ತಾ ಇರ್ತೀರಿ. ಕಾನೂನು ಓದಿ. ಪಿಯುಸಿ ಆದ್ರೆ 5 ವರ್ಷ, ಡಿಗ್ರಿ ಆದ್ರೆ 3 ವರ್ಷ. ಪಣಜಿಯಲ್ಲಿ ಸಾಳಗಾಂವಕರ್ ಕಾಲೇಜಿದೆ, ಮಡಗಾಂವದಲ್ಲಿ ಕಾರೆ ಕಾಲೇಜಿದೆ, ಬೆಳಗಾವಿಯಲ್ಲೂ ಇದೆ. ಆಸ್ತಿ ಕೇಸು, ಡೈವೋರ್ಸು ಕೇಸಿಗೆ ಜನ ಬೇಕಾದಷ್ಟಿದಾರೆ. ಕಾರ್ಖಾನೆಯ ನಕ್ಷೆ ಓದೋ, ಬೆಂಕಿಯ ನಿಯಮ ಬಲ್ಲ ಕನ್ನಡದ ವಕೀಲರು ಬೇಕು.

ಅಲ್ಲೀವರೆಗೆ ಈ ವಾರ ಮೂರು ಕೆಲಸ. ಎರಡನೇ ಬಾಗಿಲು ಹುಡುಕಿ, ಅದರ ಮುಂದೆ ಇಟ್ಟಿರೋ ಮಾಲು ಸರಿಸಿ. ಅದರ ಕೀಲಿ ಯಾರ ಹತ್ರ ಇದೆ ಅಂತ ತಿಳಕೊಳ್ಳಿ. ಮತ್ತೆ ಕೆಂಪು ಸಿಲಿಂಡರಿನ ಪಕ್ಕ ಒಂದು ಹಾಳೆ ಅಂಟಿಸಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೀರಿ:

ಪಿನ್ ಎಳಿ. ಬೆಂಕಿಯ ಬುಡಕ್ಕೆ ಹಿಡಿ. ಹಿಡಿಕೆ ಒತ್ತು. ಆರದಿದ್ರೆ ಬಿಟ್ಟು ಓಡು.

ಯಾರಾದ್ರೂ ಆ ಹಾಳೆ ಹರಿದ್ರೆ ಫೋಟೋ ತೆಗೆದು ನಮಗೆ ಕಳಿಸಿ. ಮುಂದಿನ ನೋಟಿಸಿಗೆ ಅದೇ ಮೊದಲ ಸಾಕ್ಷಿ.